ಕಾಫಿ ತೋಟದ ದಾರಿಯಲ್ಲಿ ಗೆಳೆಯರ ಟೈಮ್ ಟ್ರಯಲ್: ಜಾಗ ಹುಡುಕುವುದರಿಂದ ಸಮಯ ಬರೆಯುವವರೆಗೆ

ಸೈಕಲ್ ಟೈಮ್ ಟ್ರಯಲ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಂದೊಂದು ನಿಮಿಷ ಬಿಟ್ಟು ಒಬ್ಬೊಬ್ಬರೇ ಹೊರಡುತ್ತಾರೆ, ಒಂದೇ ದಾರಿ ಮುಗಿಸಿ ಬರುತ್ತಾರೆ, ಯಾರಿಗೆ ಕಡಿಮೆ ಸಮಯ ಹಿಡಿಯಿತೋ ಅವರು ಗೆದ್ದರು. ಕೊಡಗಿನ ತೋಟದ ದಾರಿಗಳಿಗೆ ಹೇಳಿ ಮಾಡಿಸಿದಂಥ ಪಂದ್ಯ ಇದು. ಒಂದು ಜೀಪು ಹೋಗುವಷ್ಟೇ ಅಗಲದ ಜಾಗದಲ್ಲಿ ಎಂಟು ಮೌಂಟನ್ ಬೈಕ್‌ಗಳು ಒಮ್ಮೆಲೇ ನುಗ್ಗಿದರೆ ಮೊದಲ ತಿರುವಿನಲ್ಲೇ ಇಬ್ಬರು ಬೇಲಿಯಲ್ಲಿರುತ್ತಾರೆ. ಒಬ್ಬೊಬ್ಬರೇ ಹೊರಟರೆ ಆ ತಾಪತ್ರಯವಿಲ್ಲ.

ಗೆಳೆಯರ ರೇಸಿನಲ್ಲಿ ಕಾಲಿನಲ್ಲಿ ಬಲ ಸಾಲದೆ ಸೋಲುವವರಿಗಿಂತ ದಾರಿ ತಪ್ಪಿ, ಪಂಕ್ಚರ್ ಆಗಿ, ಚೈನ್ ಕಳಚಿ, ಇಲ್ಲವೇ ಮೊದಲ ಏರಿನಲ್ಲೇ ಏದುಸಿರು ಬಿಟ್ಟು ಸೋಲುವವರೇ ಹೆಚ್ಚು. ಆದ್ದರಿಂದ ಇಲ್ಲಿನ ಹೆಚ್ಚಿನ ಮಾತು ರೇಸಿಗೆ ಮುಂಚಿನ ಕೆಲಸದ್ದು.

ಎಲ್ಲಿ ಬೇಡ, ಎಲ್ಲಿ ಆಗಬಹುದು

ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಜೀವಿಧಾಮಗಳು ಮತ್ತು ನಾಗರಹೊಳೆಯೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು. ರೇಸಿನ ಮಾತಂತೂ ದೂರ. ಮಾಂದಲಪಟ್ಟಿಯ ದಾರಿ ಆಸೆ ಹುಟ್ಟಿಸುತ್ತದೆ ನಿಜ, ಆದರೆ ಪ್ರವಾಸಿಗರ ಜೀಪುಗಳು ಅಲ್ಲಿ ಎದುರೆದುರು ಓಡಾಡುತ್ತಿರುತ್ತವೆ. ದೇವರಕಾಡಿನ ಮೂಲಕ ದಾರಿ ಹಾಕಬೇಡಿ. ಊರಿನವರು ಚಪ್ಪಲಿ ಬಿಟ್ಟು ಹೋಗುವ ಜಾಗ ಅದು. ಡಾಂಬರು ರಸ್ತೆ ದಾಟಬೇಕಾಗಿ ಬಂದರೆ ಆ ದಾರಿಯನ್ನೇ ಕೈಬಿಡಿ. ಗಡಿಯಾರ ಓಡುತ್ತಿರುವಾಗ ಯಾರೂ ನಿಂತು ಎಡಬಲ ನೋಡುವುದಿಲ್ಲ.

ಇನ್ನು ಉಳಿಯುವುದು ಖಾಸಗಿ ಕಾಫಿ ತೋಟ. ಗೆಳೆಯರಲ್ಲೇ ಒಬ್ಬರದ್ದೋ ಅವರ ಚಿಕ್ಕಪ್ಪನದ್ದೋ ತೋಟವಿದ್ದರೆ ಅರ್ಧ ಕೆಲಸ ಮುಗಿದಂತೆ. ಆದರೆ ಮಾಲೀಕರು ಫೋನಿನಲ್ಲಿ ‘ಮಾಡಿಕೊಳ್ಳಿ’ ಎಂದರೆ ಸಾಲದು. ತೋಟ ನಡೆಸುವವರು ರೈಟರ್ (ತೋಟದ ಲೆಕ್ಕ, ಉಸ್ತುವಾರಿ ನೋಡುವವರು) ಮತ್ತು ಮೇಸ್ತ್ರಿ. ಅವರಿಗೆ ವಿಷಯ ಗೊತ್ತಿಲ್ಲದಿದ್ದರೆ ರೇಸಿನ ಬೆಳಿಗ್ಗೆ ಗೇಟಿಗೆ ಬೀಗ ಬಿದ್ದಿರುತ್ತದೆ, ಇಲ್ಲವೇ ಗೊಬ್ಬರ ತುಂಬಿದ ಟ್ರ್ಯಾಕ್ಟರ್ ದಾರಿ ಮಧ್ಯೆ ನಿಂತಿರುತ್ತದೆ. ಹಿಂದಿನ ವಾರ ಒಮ್ಮೆ ಹೋಗಿ ರೈಟರ್ ಜೊತೆ ದಾರಿ ಪೂರ್ತಿ ನಡೆಯಿರಿ. ಎಲ್ಲಿ ಪಕ್ಕದ ತೋಟದ ಗಡಿ, ಯಾವ ಬೇಲಿಗೆ ಸೋಲಾರ್ ಕರೆಂಟು, ಕಾರ್ಮಿಕರ ಯಾವ ಲೈನ್ ಮನೆಯ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಎಲ್ಲವೂ ಅವರಿಗೆ ಗೊತ್ತು.

ದಿನ ಗೊತ್ತು ಮಾಡುವಾಗ ಮಳೆಯ ಜೊತೆ ಕಾಫಿಯ ಲೆಕ್ಕವನ್ನೂ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಕೆಂಪು ಮಣ್ಣಿನ ಮೇಲೆ ಬ್ರೇಕ್ ಹಿಡಿದರೂ ಒಂದೇ, ಬಿಟ್ಟರೂ ಒಂದೇ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವಾಗ ಮಾರ್ಚ್ ಬಂದಿರುತ್ತದೆ. ಅಷ್ಟು ದಿನವೂ ದಾರಿಯಲ್ಲಿ ಜನ, ಮೂಟೆ, ಪಿಕಪ್ ಇದ್ದೇ ಇರುತ್ತವೆ. ಹಾಗಾಗಿ ಆ ತೋಟದ ವಾರದ ರಜೆ ಯಾವತ್ತು ಎಂದು ಕೇಳಿ. ಹಲವು ಕಡೆ ಅದು ಹತ್ತಿರದ ಊರಿನ ಸಂತೆಯ ದಿನ, ಭಾನುವಾರವೇ ಆಗಿರಬೇಕಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವು ಅರಳಿಸಲು ರೊಬಸ್ಟಾ ತೋಟಗಳಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಆಗ ದಾರಿಗೆ ಅಡ್ಡಲಾಗಿ ಪೈಪುಗಳು ಬಿದ್ದಿರುತ್ತವೆ, ಸುತ್ತ ಕೆಸರು ಬೇರೆ. ಒದ್ದೆ ಪೈಪಿನ ಮೇಲೆ ಮುಂದಿನ ಚಕ್ರ ಓರೆಯಾಗಿ ಹತ್ತಿದರೆ ಸವಾರ ನೆಲ ಕಂಡಂತೆಯೇ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗಿನ ಯಾವುದಾದರೂ ರಜಾದಿನವೇ ಒಳ್ಳೆಯದು. ನೆಲ ಗಟ್ಟಿಯಾಗಿರುತ್ತದೆ, ಧೂಳು ಇನ್ನೂ ಎದ್ದಿರುವುದಿಲ್ಲ.

ಆನೆ

ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ತೋಟಗಳಲ್ಲಿ ಇದು ನೆಪಮಾತ್ರದ ಎಚ್ಚರಿಕೆಯಲ್ಲ. ಹಗಲು ಕೂಡ ಆನೆಗಳು ತೋಟದೊಳಗೇ ಇರಬಹುದು, ಕಾಫಿ ಗಿಡಗಳ ನಡುವೆ ನಿಂತ ಆನೆ ಇಪ್ಪತ್ತು ಅಡಿ ದೂರದಲ್ಲೂ ಕಾಣದೆ ಹೋಗಬಹುದು. ಸೈಕಲ್ಲಿಗೆ ಎಂಜಿನ್ ಸದ್ದಿಲ್ಲ. ಆನೆಗೂ ನೀವು ಬರುವುದು ಗೊತ್ತಾಗುವುದಿಲ್ಲ, ನಿಮಗೂ ಅದು ಇರುವುದು ಗೊತ್ತಾಗುವುದಿಲ್ಲ.

ಮುಂಜಾನೆ ಆರಕ್ಕೆ ರೇಸ್ ಇಡಬೇಡಿ. ಎಂಟು, ಎಂಟೂವರೆ ಸರಿಯಾದ ಹೊತ್ತು. ಮಂಜೂ ಅಷ್ಟರಲ್ಲಿ ಕರಗಿರುತ್ತದೆ. ಅದಕ್ಕೂ ಅರ್ಧ ಗಂಟೆ ಮುಂಚೆ ತೋಟದವರೊಬ್ಬರ ಜೊತೆ ಜೀಪಿನಲ್ಲಿ ಒಂದು ಸುತ್ತು ಬನ್ನಿ. ಹಸಿ ಲದ್ದಿ, ಮುರಿದ ಬೇಲಿ, ಆಗಷ್ಟೇ ಸಿಗಿದ ಬೈನೆ ಮರ ಅಥವಾ ಬಾಳೆ ಕಂಡರೆ ಆವತ್ತಿನ ರೇಸ್ ಇಲ್ಲ. ‘ಆ ಕಡೆ ಹೋಗಿರಬೇಕು’ ಎಂಬ ಊಹೆಯ ಮೇಲೆ ಯಾರನ್ನೂ ದಾರಿಗೆ ಬಿಡಬಾರದು. ಆನೆ ಕಾಟ ಕಡಿಮೆ ಇರುವ ಕಡೆ ತೋಟ ಸಿಗುವುದಾದರೆ ಅದನ್ನೇ ಆರಿಸಿ, ಡ್ರೈವ್ ಒಂದು ಗಂಟೆ ಹೆಚ್ಚಾದರೂ ಚಿಂತೆಯಿಲ್ಲ.

ದಾರಿ ಅಳೆಯುವುದು, ಗುರುತು ಹಾಕುವುದು

ಹೊರಟಲ್ಲಿಗೇ ಬಂದು ಸೇರುವ 5ರಿಂದ 7 ಕಿಲೋಮೀಟರಿನ ಸುತ್ತು ಹುಡುಕಿ. ಒಂದು ಸುತ್ತಿನಲ್ಲಿ 150–200 ಮೀಟರ್ ಏರಿಳಿತ ಇದ್ದರೆ ಸಾಕು. ಸಾಧಾರಣ ಸವಾರರಿಗೆ 20–28 ನಿಮಿಷ ಹಿಡಿಯುತ್ತದೆ. ಮೇಲಿನಿಂದ ಹೊರಟು ಕೆಳಗೆ ಮುಗಿಸುವ ದಾರಿ ನೋಡಲು ಚಂದ, ಆದರೆ ಎರಡು ಕಡೆ ಗಡಿಯಾರ, ಎರಡು ಕಡೆ ಜನ, ನಡುವೆ ಸಿಗ್ನಲ್ ಇಲ್ಲದ ಮೊಬೈಲ್. ಸುತ್ತಿನ ದಾರಿಗೆ ಒಂದೇ ಗಡಿಯಾರ ಸಾಕಾಗುತ್ತದೆ, ಅದೇ ಅದರ ದೊಡ್ಡ ಲಾಭ.

ಹೊರಡುವ ಜಾಗದಿಂದ ಕನಿಷ್ಠ 300 ಮೀಟರ್ ಅಗಲವಾದ, ಸ್ವಲ್ಪ ಏರು ದಾರಿ ಇರಲಿ. ಮುಗಿಯುವ ಗೆರೆ ಇಳಿಜಾರಿನ ಬುಡದಲ್ಲಿ ಬೇಡವೇ ಬೇಡ. ಕೊನೆಯ ನೂರು ಮೀಟರ್ ಏರು ಅಥವಾ ಸಮತಟ್ಟಾಗಿದ್ದರೆ ಗೆರೆ ದಾಟಿದವರು ತಾವಾಗಿ ನಿಲ್ಲುತ್ತಾರೆ.

ಉದ್ದ ಅಳೆಯಲು ಮೊಬೈಲ್ ಜಿಪಿಎಸ್ ನಂಬಬೇಡಿ. ಸಿಲ್ವರ್ ಓಕ್, ಹಾಲುವಾಣದ ನೆರಳಿನಲ್ಲಿ ಅದು ದಾರಿಯನ್ನು ಅಡ್ಡಾದಿಡ್ಡಿ ಎಳೆಯುತ್ತದೆ. ಚಕ್ರಕ್ಕೆ ಸೆನ್ಸರ್ ಇರುವ ಸೈಕಲ್ ಮೀಟರ್ ಬಳಸಿ. ಅದಕ್ಕೆ ಚಕ್ರದ ಸುತ್ತಳತೆ ಕೊಡುವುದು ಹೀಗೆ: ವಾಲ್ವ್ ಸರಿಯಾಗಿ ಕೆಳಗೆ ಬರುವಂತೆ ನಿಲ್ಲಿಸಿ ನೆಲದಲ್ಲಿ ಗುರುತು ಹಾಕಿ, ಸವಾರನನ್ನು ಕೂರಿಸಿಕೊಂಡೇ ಮೂರು ಸುತ್ತು ನೇರಕ್ಕೆ ತಳ್ಳಿ, ಮತ್ತೆ ಗುರುತು ಹಾಕಿ, ದೂರವನ್ನು ಮೂರರಿಂದ ಭಾಗಿಸಿ. 29 ಇಂಚಿನ ಚಕ್ರಕ್ಕೆ 2.25 ಇಂಚಿನ ಟೈರ್ ಇದ್ದರೆ ಸುಮಾರು 2,290 ಮಿಲಿಮೀಟರ್ ಬರುತ್ತದೆ.

ಗುರುತಿಗೆ ತೋಟಕ್ಕೆ ಹಾಕುವ ಸುಣ್ಣದ ಪುಡಿಯೇ ಸಾಕು, ಎರಡು ಮೂರು ಕೆಜಿ. ತಿರುವಿಗೆ 20 ಮೀಟರ್ ಮುಂಚೆ ಒಂದು ಬಾಣ, ತಿರುವಿನಲ್ಲಿ ಇನ್ನೊಂದು, ತಿರುಗಿ 20 ಮೀಟರ್ ಆದ ಮೇಲೆ ಗಿಡಕ್ಕೆ ಒಂದು ಟೇಪು. ಈ ಮೂರನೆಯದನ್ನೇ ಎಲ್ಲರೂ ಮರೆಯುವುದು. ತೋಟದ ದಾರಿಗಳೆಲ್ಲ ಒಂದೇ ಥರ ಕಾಣುವುದರಿಂದ ತಿರುಗಿದವನಿಗೆ ‘ಸರಿಯಾಗಿ ಬಂದೆನಾ’ ಎಂಬ ಅನುಮಾನ ಬಂದು ವೇಗ ಇಳಿಯುತ್ತದೆ. ಹೋಗಬಾರದ ದಾರಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದು ಒಂದು ಒಣ ಕೊಂಬೆ ಇಡಿ. ಟೇಪನ್ನು ಮೆಣಸಿನ ಬಳ್ಳಿಗೆ ಕಟ್ಟಬೇಡಿ.

ಅಪಾಯದ ಜಾಗಗಳಿಗೆ ಎರಡು ಅಡ್ಡ ಗೆರೆ ಎಂದು ಮೊದಲೇ ಮಾತಾಡಿಕೊಳ್ಳಿ. ಕೊಡಗಿನ ತೋಟದಲ್ಲಿ ಅವು ಬಹುಮಟ್ಟಿಗೆ ಇವೇ: ಮಳೆನೀರು ಹೋಗಲು ದಾರಿಗೆ ಅಡ್ಡಲಾಗಿ ತೋಡಿದ ಚರಂಡಿ, ಉದುರಿದ ಸಿಲ್ವರ್ ಓಕ್ ಎಲೆಯಡಿ ಮುಚ್ಚಿಹೋದ ಕಲ್ಲು ಮತ್ತು ಕೊರಕಲು, ಕೆರೆಯ ಏರಿಯ ಪಕ್ಕದ ಪಾಚಿ ಹಿಡಿದ ನೆರಳು, ದಾರಿಯಂಚಿಗೇ ಇರುವ ತೊಟ್ಟಿಲು ಗುಂಡಿ. ನೀರು ಇಂಗಿಸಲು ಗಿಡಗಳ ಸಾಲಿನ ನಡುವೆ ತೆಗೆದ ಈ ಗುಂಡಿಗಳ ಮೇಲೆ ಎಲೆ ಹೊದ್ದು ಕೂತಿರುತ್ತದೆ, ಕಾಲು ಊರಲು ಹೋದವನು ಮೊಣಕಾಲಿನವರೆಗೆ ಇಳಿಯುತ್ತಾನೆ. ಲೈನ್ ಮನೆಗಳ ಮುಂದೆ ಹಾದು ಹೋಗಲೇಬೇಕಿದ್ದರೆ ಅಲ್ಲಿ ಒಬ್ಬರನ್ನು ನಿಲ್ಲಿಸಿ. ಮಕ್ಕಳು ರೇಸ್ ನೋಡಲು ಖಂಡಿತ ಓಡಿ ಬರುತ್ತಾರೆ.

ರೇಸಿಗೆ ಮುಂಚೆ ಎಲ್ಲರೂ ಒಟ್ಟಿಗೆ, ಮಾತಾಡುತ್ತಾ, ಒಂದು ಸುತ್ತು ನಿಧಾನವಾಗಿ ಹೊಡೆಯಲಿ. ದಾರಿ ನೋಡದವರಿಗೆ ರೇಸ್ ಇಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿ.

ಸೈಕಲ್

ಇದನ್ನು ಮೂರು ದಿನ ಮುಂಚೆ ನೋಡಿ, ಹಿಂದಿನ ರಾತ್ರಿಯಲ್ಲ. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಬಾಗಿದೆ ಎಂದು ಶನಿವಾರ ರಾತ್ರಿ ಗೊತ್ತಾದರೆ ಭಾನುವಾರ ಬೆಳಿಗ್ಗೆ ಮಡಿಕೇರಿಯಲ್ಲಿ ಅದು ಸಿಗುವುದು ಕಷ್ಟ, ಮೈಸೂರಿಗೆ ಓಡಲು ಹೊತ್ತಿಲ್ಲ. ನಿಮ್ಮ ಫ್ರೇಮಿಗೆ ಸರಿಹೊಂದುವ ಹ್ಯಾಂಗರ್ ಒಂದು ಯಾವತ್ತೂ ಚೀಲದಲ್ಲಿರಲಿ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಟೈರಿನ ಗಾಳಿ ಎಲ್ಲಕ್ಕಿಂತ ಮುಖ್ಯ. 70 ಕೆಜಿಯ ಸವಾರ, 2.25 ಇಂಚಿನ ಟ್ಯೂಬ್‌ಲೆಸ್ ಟೈರ್ ಎಂದಿಟ್ಟುಕೊಳ್ಳಿ: ಮುಂದೆ 20–22, ಹಿಂದೆ 23–25 ಪಿಎಸ್‌ಐಯಿಂದ ಶುರು ಮಾಡಿ. ಟ್ಯೂಬ್ ಇದ್ದರೆ ಮುಂದೆ 27, ಹಿಂದೆ 30ರ ಆಸುಪಾಸು. ಇದಕ್ಕಿಂತ ಕಡಿಮೆಯಾದರೆ ಅಡ್ಡ ಚರಂಡಿಯ ಅಂಚಿಗೆ ಟ್ಯೂಬ್ ರಿಮ್ಮಿನಡಿ ಸಿಕ್ಕಿ ಪಕ್ಕಪಕ್ಕದಲ್ಲೇ ಎರಡು ತೂತು ಬೀಳುತ್ತವೆ. ‘ಗಟ್ಟಿ ಇದ್ದರೆ ವೇಗ’ ಎಂದು 40 ತುಂಬಿಸುವವರಿದ್ದಾರೆ. ಡಾಂಬರಿನಲ್ಲಿ ಅದು ಸರಿಯಿರಬಹುದು, ಕಲ್ಲು ದಾರಿಯಲ್ಲಿ ಚಕ್ರ ಪುಟಿಯುತ್ತಲೇ ಇರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಹಿಡಿತವೂ ಇಲ್ಲ, ಮುಂದೆ ತಳ್ಳುವ ಬಲವೂ ಇಲ್ಲ. ಟ್ಯೂಬ್‌ಲೆಸ್ ಟೈರಿನೊಳಗೆ ತೂತು ಮುಚ್ಚಲು ಹಾಕುವ ದ್ರವ, ಅಂದರೆ ಸೀಲೆಂಟ್, ಒಂದು ಚಕ್ರಕ್ಕೆ 80–100 ಮಿಲಿಲೀಟರ್. ಎರಡು ಮೂರು ತಿಂಗಳಿಗೆ ಅದು ಒಣಗುತ್ತದೆ. ಚಕ್ರ ಅಲ್ಲಾಡಿಸಿದಾಗ ಒಳಗೆ ಕುಲುಕುವ ಸದ್ದು ಬರದಿದ್ದರೆ ಹೊಸದು ಹಾಕಿ.

ಬ್ರೇಕ್ ಪ್ಯಾಡಿನ ಸವೆಯುವ ಭಾಗ ಒಂದು ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸಿ. ಚೈನಿಗೆ ಸ್ಪ್ರೇ ಎಣ್ಣೆ ಹೊಡೆಯುವ ಅಭ್ಯಾಸ ಬಿಡಿ, ಅದು ಹಾರಿ ಡಿಸ್ಕಿಗೆ ಕೂತರೆ ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ. ಪ್ಯಾಡ್ ಎಣ್ಣೆ ಕುಡಿದ ಮೇಲೆ ಉಜ್ಜಿ ಪ್ರಯೋಜನವಿಲ್ಲ, ಹೊಸದೇ ಬೇಕು. ಚೈನಿನ ಒಂದೊಂದು ಕೊಂಡಿಗೆ ಒಂದೊಂದು ಹನಿ, ಐದು ನಿಮಿಷ ತುಳಿದು, ಹೊರಗಿನದ್ದನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಚೈನಿನ ಸವೆತ ಅಳೆಯುವ ಪಟ್ಟಿ 0.5 (ಅಂದರೆ ಶೇಕಡಾ ಅರ್ಧದಷ್ಟು ಉದ್ದವಾಗಿದೆ) ಎಂದು ತೋರಿಸಿದರೆ 11 ಮತ್ತು 12 ಸ್ಪೀಡ್ ಚೈನಿನ ಕಾಲ ಮುಗಿಯಿತು.

ಬೋಲ್ಟ್‌ಗಳ ಬಿಗಿ: ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ 5ರಿಂದ 6 ನ್ಯೂಟನ್ ಮೀಟರ್, ಪೆಡಲ್ 35–40. ಎಡ ಪೆಡಲಿನ ತಿರುಪು ಉಲ್ಟಾ ಎಂಬುದು ನೆನಪಿರಲಿ. 100 ಮಿಲಿಮೀಟರ್ ಕುಗ್ಗುವ ಮುಂದಿನ ಫೋರ್ಕಾದರೆ ನೀವು ಸವಾರಿಯ ಭಂಗಿಯಲ್ಲಿ ನಿಂತಾಗ 20–25 ಮಿಲಿಮೀಟರ್ ಕೂರಬೇಕು. ರೇಸಿನ ದಿನ ಹೊಸ ಟೈರ್, ಹೊಸ ಸೀಟು, ಹೊಸ ಶೂ ಯಾವುದೂ ಬೇಡ.

ಮೈಮೇಲೆ ಅಥವಾ ಸೈಕಲ್ಲಿನಲ್ಲಿ ಇರಬೇಕಾದ್ದು: ಒಂದು ಟ್ಯೂಬ್, ಪಂಪ್, ಟೈರ್ ಲಿವರ್ ಎರಡು, ಟ್ಯೂಬ್‌ಲೆಸ್ ಪ್ಲಗ್, ತುಂಡಾದ ಚೈನ್ ಜೋಡಿಸಲು ನಿಮ್ಮ ಚೈನಿನ ಸ್ಪೀಡಿಗೆ ಹೊಂದುವ ಕ್ವಿಕ್ ಲಿಂಕ್, ಚೈನ್ ಬ್ರೇಕರ್ ಇರುವ ಮಲ್ಟಿಟೂಲ್.

ಗಡಿಯಾರ

ಜಗಳ ಹುಟ್ಟುವುದು ಇಲ್ಲೇ. ಸೈಕಲ್ ಆ್ಯಪ್ ಜಿಪಿಎಸ್ ಹಿಡಿದು ದಾರಿಯ ಒಂದು ತುಂಡಿಗೆ ಲೆಕ್ಕ ಹಾಕುವ ಸೆಗ್ಮೆಂಟ್ ಸಮಯ ನೋಡಿ ಗೆದ್ದವರನ್ನು ತೀರ್ಮಾನಿಸಬೇಡಿ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಜಿಪಿಎಸ್ 10 ಮೀಟರ್ ತಪ್ಪಿದರೆ 2.4 ಸೆಕೆಂಡ್ ವ್ಯತ್ಯಾಸ; ಮರದ ನೆರಳಿನಲ್ಲಿ ತಪ್ಪು ಅದಕ್ಕಿಂತ ಹೆಚ್ಚೂ ಆಗಬಹುದು. ಗೆಳೆಯರ ನಡುವಿನ ಸೋಲು ಗೆಲುವು ಎಷ್ಟೋ ಸಲ ಅಷ್ಟರಲ್ಲೇ ಇರುತ್ತದೆ.

ಒಂದು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಚಾಲೂ ಮಾಡಿ, ರೇಸ್ ಮುಗಿಯುವವರೆಗೆ ನಿಲ್ಲಿಸಬೇಡಿ. ಅದು 5:00 ತೋರಿಸಿದಾಗ ಒಂದನೇ ನಂಬರ್, 6:00ಕ್ಕೆ ಎರಡನೇ ನಂಬರ್, ಹೀಗೆ. ನಾಲ್ಕನೇ ನಂಬರಿನವರು 8:00ಕ್ಕೆ ಹೊರಟು ವಾಚ್ 32:41 ತೋರಿಸುವಾಗ ಗೆರೆ ದಾಟಿದರೆ ಅವರ ಸಮಯ 24:41. ಬಿಡಿಬಿಡಿ ಸ್ಟಾಪ್‌ವಾಚ್ ಇಟ್ಟರೆ ಯಾರೋ ಒಬ್ಬರದ್ದು ಒತ್ತಲು ಮರೆತೇ ಹೋಗುತ್ತದೆ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಕರೆ ಬಂದರೆ ಪರದೆ ಮುಚ್ಚುತ್ತದೆ. ಅದೇ ಕ್ಷಣ ಇನ್ನೊಂದು ಮೊಬೈಲಿನಲ್ಲೂ ಚಾಲೂ ಮಾಡಿದರೆ ಒಂದರ ಬ್ಯಾಟರಿ ಸತ್ತರೂ ರೇಸ್ ಉಳಿಯುತ್ತದೆ.

ಗೆರೆಯ ಬಳಿ ಇಬ್ಬರು ಬೇಕು. ಮುಂದಿನ ಚಕ್ರ ಗೆರೆ ಮುಟ್ಟಿದಾಗ ಒಬ್ಬರು ವಾಚ್ ನೋಡಿ ಕೂಗುತ್ತಾರೆ, ಇನ್ನೊಬ್ಬರು ನಂಬರ್ ಮತ್ತು ಸಮಯ ಕಾಗದದಲ್ಲಿ ಬರೆಯುತ್ತಾರೆ, ಪೆನ್ನಿನಲ್ಲಲ್ಲ ಪೆನ್ಸಿಲ್‌ನಲ್ಲಿ. ಮಂಜಿಗೆ ಕಾಗದ ಹಸಿಯಾದರೆ ಪೆನ್ ಮೂಡುವುದಿಲ್ಲ. ಮೂರನೇ ಮೊಬೈಲಿದ್ದರೆ ಗೆರೆಯನ್ನೂ ಓಡುತ್ತಿರುವ ವಾಚನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದು ವಿಡಿಯೋ ಮಾಡಿ.

ನಿಧಾನದವರು ಮೊದಲು, ವೇಗದವರು ಕೊನೆಗೆ. ಹೀಗಾದರೆ ಎಲ್ಲರೂ ಹತ್ತಿರ ಹತ್ತಿರದ ಹೊತ್ತಿಗೆ ಮುಗಿಸುತ್ತಾರೆ, ಹಿಂದಿಕ್ಕುವ ಸಂದರ್ಭ ಮಾತ್ರ ಹೆಚ್ಚು. ದಾರಿ ಇಕ್ಕಟ್ಟಾಗಿದ್ದರೆ ಒಂದು ನಿಮಿಷದ ಬದಲು ಎರಡು ನಿಮಿಷ ಅಂತರ ಕೊಡಿ. ಹಿಂದಿನಿಂದ ಬಂದವರು ‘ಬಲಕ್ಕೆ!’ ಎಂದು ಕೂಗಬೇಕು, ಮುಂದಿದ್ದವರು ಎಡಕ್ಕೆ ಸರಿಯಬೇಕು, ಇಳಿಜಾರಿನಲ್ಲಿ ಹಿಂದಿಕ್ಕುವಂತಿಲ್ಲ. ಹಿಂದಿಕ್ಕಿಸಿಕೊಂಡವರು ಅವರ ಬೆನ್ನಿಗೆ ಅಂಟಿಕೊಂಡು ಹೋಗಬಾರದು, 20 ಮೀಟರ್ ಬಿಡಬೇಕು.

ಉಳಿದ ನಿಯಮಗಳನ್ನು ಹೊರಡುವ ಮುಂಚೆಯೇ ಹೇಳಿಬಿಡಿ. ತಡವಾಗಿ ಬಂದರೂ ಗಡಿಯಾರ ನಿಮ್ಮ ಸರದಿಯ ಹೊತ್ತಿನಿಂದಲೇ. ಪಂಕ್ಚರಾದರೆ ಹಾಕಿಕೊಂಡು ಮುಂದುವರಿಯಿರಿ, ವಾಚ್ ನಿಲ್ಲದು. ದಾರಿ ತಪ್ಪಿದರೆ ತಪ್ಪಿದ ಜಾಗಕ್ಕೇ ವಾಪಸ್ ಬರಬೇಕು. ಬಿದ್ದವರನ್ನು ಕಂಡರೆ ನಿಲ್ಲಲೇಬೇಕು, ನಿಂತವರಿಗೆ ಇನ್ನೊಂದು ಅವಕಾಶ ಕೊಡಬೇಕು. ಈ ಕೊನೆಯದನ್ನು ಮೊದಲೇ ಹೇಳದಿದ್ದರೆ ‘ಪರವಾಗಿಲ್ಲ ತಾನೇ?’ ಎಂದು ಕೂಗುತ್ತಾ ದಾಟಿ ಹೋಗುವವರು ಇದ್ದೇ ಇರುತ್ತಾರೆ.

ಗುಂಪಿನಲ್ಲಿ ಒಬ್ಬಿಬ್ಬರು ತೀರಾ ಬಲಶಾಲಿಗಳಾಗಿದ್ದರೆ ಉಳಿದವರಿಗೆ ಬೇಸರ ಬರುತ್ತದೆ. ಅದಕ್ಕೊಂದು ಉಪಾಯ: ಮೀಟರ್, ವಾಚ್ ಎಲ್ಲ ತೆಗೆದಿಟ್ಟು, ತಮ್ಮ ಸಮಯ ಎಷ್ಟಾಗುತ್ತದೆ ಎಂದು ಮೊದಲೇ ಚೀಟಿಯಲ್ಲಿ ಬರೆದು ಕೊಡಲಿ. ಚೀಟಿಗೆ ಹತ್ತಿರ ಬಂದವರಿಗೆ ಎರಡನೇ ಬಹುಮಾನ.

ತುಳಿಯುವುದು

ತಿಂಡಿ ಎರಡೂವರೆ ಗಂಟೆ ಮುಂಚೆ: ನಾಲ್ಕು ಇಡ್ಲಿ ಅಥವಾ ಎರಡು ಮೂರು ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ತೆಳು ಚಟ್ನಿ, ಬಾಳೆಹಣ್ಣು. ಪಂದಿ ಕರಿ ರೇಸ್ ಮುಗಿದ ಮೇಲೆ. ಅರ್ಧ ಗಂಟೆಯ ರೇಸಿಗೆ ಅರ್ಧ ಲೀಟರ್ ನೀರು ಸಾಕು. ಎರಡು ಬಾಟಲಿ ಹೊತ್ತರೆ ಏರಿನಲ್ಲಿ ಭಾರ.

ಡಿಸೆಂಬರಿನ ಬೆಳಿಗ್ಗೆ ಮೈ ಬಿಸಿಯಾಗದೆ ಹೊರಟರೆ ಮೊದಲ ಏರಿನಲ್ಲೇ ತೊಡೆ ಉರಿಯುತ್ತದೆ. ಹತ್ತು ನಿಮಿಷ ಹಗುರವಾಗಿ, ಐದು ನಿಮಿಷ ಸ್ವಲ್ಪ ಜೋರಾಗಿ, ಆಮೇಲೆ ಒಂದೊಂದು ನಿಮಿಷದ ಮೂರು ಬಿರುಸಿನ ತುಳಿತ, ನಡುವೆ ಒಂದೊಂದು ನಿಮಿಷ ಬಿಡುವು. ಕೊನೆಯ ಬಿರುಸು ಸರದಿಗೆ ಐದು ನಿಮಿಷ ಮುಂಚೆ ಮುಗಿದಿರಲಿ, ಅಲ್ಲಿಯವರೆಗೆ ಜಾಕೆಟ್ ತೆಗೆಯಬೇಡಿ. ಪೂರ್ತಿ ಬೆರಳಿನ ಗ್ಲೌಸ್ ಹಾಕಿ, ಮರಗಟ್ಟಿದ ಬೆರಳಿಗೆ ಬ್ರೇಕಿನ ಅಂದಾಜು ಸಿಗುವುದಿಲ್ಲ.

ಮೊದಲ ಮೂರು ನಿಮಿಷ ‘ಇದು ಕಡಿಮೆಯಾಯಿತು’ ಎನ್ನಿಸುವಷ್ಟು ತಡೆದು ತುಳಿಯಿರಿ. ಹೃದಯ ಬಡಿತದ ಮೀಟರ್ ಆಗ ಸುಳ್ಳು ಹೇಳುತ್ತದೆ. ಬಡಿತ ಏರಲು ಒಂದೆರಡು ನಿಮಿಷ ಬೇಕು, ಅಷ್ಟರಲ್ಲಿ ಕಾಲು ಸಾಲ ಮಾಡಿರುತ್ತದೆ. ಉಸಿರು ನೋಡಿಕೊಳ್ಳಿ: ಒಂದೆರಡು ಪದ ಆಡಲು ಆಗಬೇಕು, ಪೂರ್ತಿ ವಾಕ್ಯ ಆಡಲು ಆಗಬಾರದು. ಎರಡು ಸುತ್ತಿನ ರೇಸಾದರೆ ಪರೀಕ್ಷೆ ಸುಲಭ. ಎರಡನೇ ಸುತ್ತಿಗೆ ಒಂದು ನಿಮಿಷ ಹೆಚ್ಚು ಹಿಡಿದರೆ ಮೊದಲನೆಯದನ್ನು ಅತಿ ಜೋರಾಗಿ ಹೊಡೆದಿದ್ದೀರಿ ಎಂದರ್ಥ.

ಸಮಯ ಉಳಿಯುವುದು ಇಳಿಜಾರಿನಲ್ಲಿ ಎಂದು ಬಹಳ ಜನ ನಂಬುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಕಿಲೋಮೀಟರ್ ಏರನ್ನು ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹತ್ತಿದರೆ 7 ನಿಮಿಷ 30 ಸೆಕೆಂಡ್. ಎಂಟೂವರೆಗೆ ಏರಿಸಿದರೆ 7 ನಿಮಿಷ 4 ಸೆಕೆಂಡ್. ಅರ್ಧ ಕಿಲೋಮೀಟರ್ ವೇಗ ಹೆಚ್ಚಿಸಿದ್ದಕ್ಕೆ 26 ಸೆಕೆಂಡ್ ಲಾಭ. ಅದೇ ಒಂದು ಕಿಲೋಮೀಟರ್ ಇಳಿಜಾರನ್ನು 25ರ ಬದಲು 28ರಲ್ಲಿ ಇಳಿದರೆ ಸಿಗುವುದು ಸುಮಾರು 15 ಸೆಕೆಂಡ್, ಅದೂ ಎಲೆಯಡಿಯ ಕಲ್ಲಿಗೆ ಜೀವ ಒತ್ತೆಯಿಟ್ಟು. ಹಾಗಾಗಿ ಬಲವನ್ನೆಲ್ಲ ಏರಿಗೆ ಇಡಿ, ಇಳಿಜಾರಿನಲ್ಲಿ ಸುಧಾರಿಸಿಕೊಳ್ಳಿ. ಏರಿನ ನೆತ್ತಿ ಮುಟ್ಟಿದ ಕೂಡಲೇ ತುಳಿಯುವುದು ಬಿಡಬೇಡಿ, ಇನ್ನೂ ಹತ್ತು ಹದಿನೈದು ತುಳಿತ ಮುಂದುವರಿಸಿದರೆ ಇಳಿಜಾರಿನ ವೇಗ ಪುಕ್ಕಟೆ ಸಿಗುತ್ತದೆ.

ಗೇರನ್ನು ಏರು ಶುರುವಾಗುವ ಮುಂಚೆಯೇ ಇಳಿಸಿ. ಭಾರ ಬಿದ್ದ ಮೇಲೆ ಬದಲಿಸಿದರೆ ಚೈನ್ ಜಿಗಿಯುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಕಡಿದಾದ ಕಡೆ ಸೀಟಿನ ಮೂತಿಗೆ ಸರಿದು, ಎದೆ ತಗ್ಗಿಸಿ, ಕೂತೇ ತುಳಿಯಿರಿ. ಎದ್ದು ನಿಂತರೆ ಸಡಿಲ ಮಣ್ಣಿನಲ್ಲಿ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು ಮುಗಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಅಡ್ಡ ಚರಂಡಿಗೆ ಚಕ್ರ ನೇರಕ್ಕೆ ಬರಲಿ, ಪೆಡಲ್ ಎರಡೂ ಸಮವಾಗಿರಲಿ.

ಗಾಯ, ಜಿಗಣೆ, ಕೊನೆಯ ಕೆಲಸ

ಹೆಲ್ಮೆಟ್ ಇಲ್ಲದವರಿಗೆ ನಂಬರ್ ಕೊಡಬೇಡಿ. ಒಂದು ಜೀಪು ಡ್ರೈವರ್ ಸಮೇತ, ಮುಖ ಗೇಟಿನ ಕಡೆ ತಿರುಗಿ, ಖಾಲಿ ನಿಂತಿರಲಿ. ತೋಟದಲ್ಲಿ ಯಾವ ಮೂಲೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆ ಎಂದು ಎಲ್ಲರಿಗೂ ತೋರಿಸಿ. 108ಕ್ಕೆ ಕರೆ ಮಾಡಿದರೆ ತೋಟದ ಹೆಸರಿನ ಜೊತೆ ಹತ್ತಿರದ ಊರು ಮತ್ತು ಗೇಟಿನ ಗುರುತನ್ನು ಹೇಳಿ. ಬಿದ್ದವರು ತಲೆ ತಿರುಗುತ್ತದೆ, ವಾಂತಿ ಬರುತ್ತದೆ ಎಂದರೆ ಅಥವಾ ಕೇಳಿದ್ದನ್ನೇ ಕೇಳುತ್ತಿದ್ದರೆ ಅವರನ್ನು ಮತ್ತೆ ಸೈಕಲ್ ಹತ್ತಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಜಿಗಣೆ ಹತ್ತಿದರೆ ಎಳೆಯಬೇಡಿ. ಉಗುರಿನಿಂದ ಬಾಯಿಯ ಕಡೆ ಮೆಲ್ಲಗೆ ಬಿಡಿಸಿ, ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಬರುತ್ತದೆ, ಗಾಬರಿ ಬೇಡ.

ಕೊನೆಯವರು ಬಂದಾಗ ಪಟ್ಟಿ ನೋಡಿ ತಲೆ ಎಣಿಸಿ, ಒಬ್ಬರೂ ದಾರಿಯಲ್ಲಿ ಉಳಿದಿಲ್ಲ ಎಂದು ಖಚಿತವಾದ ಮೇಲೆಯೇ ವಾಚ್ ನಿಲ್ಲಿಸಿ. ಟೇಪುಗಳನ್ನು ಅದೇ ದಿನ ಬಿಚ್ಚಿ, ತೆರೆದ ಗೇಟುಗಳನ್ನು ಹಾಕಿ, ಮುರಿದ ಗಿಡ ಇದ್ದರೆ ರೈಟರಿಗೆ ನೀವೇ ತೋರಿಸಿ. ಸೈಕಲ್ ತೊಳೆಯುವಾಗ ಪ್ರೆಷರ್ ಪಂಪಿನ ನೀರನ್ನು ಹಬ್ ಮತ್ತು ಕ್ರ್ಯಾಂಕಿನ ಬೇರಿಂಗಿಗೆ ಹೊಡೆಯಬೇಡಿ, ಗ್ರೀಸ್ ಹೊರಟು ಕೆಂಪು ಮಣ್ಣು ಒಳಗೆ ಸೇರುತ್ತದೆ.

ಸಮಯದ ಹಾಳೆಯ ಕೆಳಗೆ ಆವತ್ತಿನ ನೆಲದ ಸ್ಥಿತಿಯನ್ನೂ ಬರೆದಿಡಿ: ಒಣ ಅಥವಾ ಒದ್ದೆ, ಎಲೆ ಗುಡಿಸಿತ್ತೋ ಇಲ್ಲವೋ, ಯಾವ ಟೈರ್, ಎಷ್ಟು ಗಾಳಿ. ಮುಂದಿನ ವರ್ಷ ಅದೇ ಸುತ್ತಿನಲ್ಲಿ ಅರ್ಧ ನಿಮಿಷ ವ್ಯತ್ಯಾಸ ಬಂದರೆ ಅದು ಕಾಲಿನದ್ದೋ ನೆಲದ್ದೋ ಎಂದು ಆ ಒಂದು ಸಾಲು ಹೇಳುತ್ತದೆ.